ಒಂದು ಸ್ವರ ಇಳಿದರೆ ಸಾಕು: ರಾಕ್ ಹಾಡಿನಲ್ಲಿ ಎರವಲು ಕಾರ್ಡ್

ಮೇಜರ್ ಸ್ಕೇಲಿನಲ್ಲಿ ಆರಾಮವಾಗಿ ಹೋಗುತ್ತಿದ್ದ ಹಾಡು ಒಂದು ಸಾಲಿನಲ್ಲಿ ಇದ್ದಕ್ಕಿದ್ದಂತೆ ಎದೆಗೆ ನಾಟುತ್ತದೆ. ಹಾಡುವವರು ರಾಗ ಬದಲಿಸಿರುವುದಿಲ್ಲ. ಸಾಹಿತ್ಯದಲ್ಲೂ ಅಂಥ ದುಃಖವೇನೂ ಇರುವುದಿಲ್ಲ. ಹಿಂದೆ ಗಿಟಾರ್ ಮಾತ್ರ ಒಂದು ಕಾರ್ಡ್ (chord, ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಿಸಿರುತ್ತದೆ. ಅದು ಬಹಳಷ್ಟು ಸಲ ಆ ಸ್ಕೇಲಿಗೆ ಸೇರದ ಕಾರ್ಡ್. ನಮ್ಮ ಮಂಗಳೂರು, ಉಡುಪಿ, ಮಣಿಪಾಲದ ಬ್ಯಾಂಡ್‌ನವರು ಇದನ್ನು ಬಾರೋಡ್ ಕಾರ್ಡ್ ಎನ್ನುತ್ತಾರೆ. ನಾನು ಇಲ್ಲಿ ಎರವಲು ಕಾರ್ಡ್ ಎಂದೇ ಬರೆಯುತ್ತೇನೆ.

ಯೂಟ್ಯೂಬ್ ಪಾಠಗಳಲ್ಲಿ ಈ ವಿಷಯ ಬಂದ ಕೂಡಲೇ ಮೋಡಲ್ ಇಂಟರ್‌ಚೇಂಜ್, ಪ್ಯಾರಲಲ್ ಮೈನರ್, ಮಿಕ್ಸೋಲಿಡಿಯನ್ ಎಂದು ಪದಗಳ ಮಳೆ ಶುರುವಾಗುತ್ತದೆ. ಚೆನ್ನಾಗಿ ನುಡಿಸುವ ಹುಡುಗ ಹುಡುಗಿಯರೂ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಇದು ನನಗೆ ತುಂಬ ಬೇಸರದ ಸಂಗತಿ. ಏಕೆಂದರೆ ಸರಳೆ ವರಸೆ ಕಲಿತವರಿಗೆ, ಭಜನೆಗೆ ಹಾರ್ಮೋನಿಯಂ ಹಿಡಿದವರಿಗೆ ಇದು ಕಷ್ಟದ ವಿಷಯವೇ ಅಲ್ಲ. ಕಾರ್ಡಿನ ಹೆಸರು ಬದಿಗಿಟ್ಟು ಅದರೊಳಗಿನ ಸ್ವರ ಹಿಡಿದರೆ ಸಾಕು.

ನಮ್ಮ ಕರಾವಳಿಯ ಕಿವಿಗೆ ಎರಡೂ ಕಡೆಯ ಅಭ್ಯಾಸ ಉಂಟು. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಪ್ರಾರ್ಥನೆಗಳಲ್ಲಿ ಯುರೋಪಿನ ಧಾಟಿಗೆ ಕನ್ನಡದ ಮಾತು ಕೂಡಿತು. ಇವತ್ತಿಗೂ ಇಲ್ಲಿನ ಎಷ್ಟೋ ಮಕ್ಕಳು ಕಾರ್ಡ್ ಎಂಬುದನ್ನು ಮೊದಲು ಕಲಿಯುವುದು ಇಗರ್ಜಿಯ ಗಾಯನ ತಂಡದಲ್ಲಿ, ಕೀಬೋರ್ಡಿನ ಪಕ್ಕ ನಿಂತು. ಅದೇ ಬೀದಿಯ ಇನ್ನೊಂದು ಮನೆಯಲ್ಲಿ ಸಂಜೆ ಸಂಗೀತ ಪಾಠ, ಶನಿವಾರ ಭಜನೆ. ಎರಡೂ ಕಡೆಯವರು ಕೊನೆಗೆ ಒಂದೇ ಕಾಲೇಜಿನ ಬ್ಯಾಂಡಿನಲ್ಲಿ ಸೇರುತ್ತಾರೆ. ಒಬ್ಬನಿಗೆ ಕಾರ್ಡ್ ಗೊತ್ತು, ಇನ್ನೊಬ್ಬಳಿಗೆ ಸ್ವರ ಗೊತ್ತು. ಎರವಲು ಕಾರ್ಡ್ ಇವರಿಬ್ಬರೂ ಕೂತು ಮಾತಾಡಬೇಕಾದ ವಿಷಯ.

ಮೊದಲು ಮನೆಯೊಳಗಿನ ಲೆಕ್ಕ. ಹಾರ್ಮೋನಿಯಂನ ಬಿಳಿ ಒಂದನ್ನು, ಅಂದರೆ ಸಿ ಅನ್ನು, ಷಡ್ಜ (ಸ) ಮಾಡಿಕೊಳ್ಳಿ. ಬರೀ ಬಿಳಿ ಕೀಲಿಗಳನ್ನು ಒತ್ತಿಕೊಂಡು ಹೋದರೆ ಸಿ ಮೇಜರ್ ಸ್ಕೇಲ್. ಸ್ವರಗಳ ಲೆಕ್ಕದಲ್ಲಿ ಇದೇ ಧೀರಶಂಕರಾಭರಣ, 29ನೇ ಮೇಳಕರ್ತ (ಮೂಲ ರಾಗ). ಈಗ ಒಂದು ಬಿಟ್ಟು ಒಂದು ಸ್ವರ ಹಿಡಿದು ಮೂರನ್ನು ಒಟ್ಟಿಗೆ ಒತ್ತಿ. ಸ-ಗ-ಪ ಎಂದರೆ ಸಿ ಮೇಜರ್. ರಿ-ಮ-ದ ಎಂದರೆ ಡಿ ಮೈನರ್. ಗ-ಪ-ನಿ ಇ ಮೈನರ್, ಮ-ದ-ಸ ಎಫ್ ಮೇಜರ್, ಪ-ನಿ-ರಿ ಜಿ ಮೇಜರ್, ದ-ಸ-ಗ ಎ ಮೈನರ್. ಕೊನೆಯದು ನಿ-ರಿ-ಮ, ಬಿ ಡಿಮಿನಿಶ್ಡ್. ಅದನ್ನು ರಾಕ್‌ನಲ್ಲಿ ಬಳಸುವವರು ಕಡಿಮೆ. ಇವೇ ಫ್ಯಾಮಿಲಿ ಕಾರ್ಡ್ಸ್. ಇಷ್ಟರಲ್ಲೇ ಸಾವಿರಾರು ಹಾಡು ಮುಗಿದುಹೋಗುತ್ತವೆ. ನಮ್ಮ ಕೊಂಕಣಿ ಬೈಲಾ ಹಾಡುಗಳು ಹೆಚ್ಚಾಗಿ ಇದರಲ್ಲೂ ಮೂರೇ ಕಾರ್ಡ್ ಇಟ್ಟುಕೊಂಡು ಇಡೀ ಮದುವೆ ಮನೆಯನ್ನು ಕುಣಿಸುತ್ತವೆ.

ಇನ್ನು ಎರವಲು ಎಲ್ಲಿಂದ? ಷಡ್ಜ ಬದಲಿಸದೆ ಪಕ್ಕದ ಮೈನರ್ ಸ್ಕೇಲಿನಿಂದ. ಸಿ ಮೇಜರ್‌ಗೆ ಸಿ ಮೈನರ್. ಸಿ ಮೈನರ್ ಎಂದರೆ ನಟಭೈರವಿಯ ಸ್ವರಗಳು: ಸಾಧಾರಣ ಗಾಂಧಾರ, ಶುದ್ಧ ಧೈವತ, ಕೈಶಿಕಿ ನಿಷಾದ. ಅಂದರೆ ಶಂಕರಾಭರಣದ ಗ, ದ, ನಿ (ಅಂತರ ಗಾಂಧಾರ, ಚತುಶ್ರುತಿ ಧೈವತ, ಕಾಕಲಿ ನಿಷಾದ) ಮೂರೂ ಒಂದೊಂದು ಮೆಟ್ಟಿಲು, ಅಂದರೆ ಪಕ್ಕದ ಒಂದು ಕೀಲಿಯಷ್ಟು, ಕೆಳಗೆ. ಸ, ರಿ, ಮ, ಪ ಹಾಗೇ ಉಂಟು. ಒಂದು ಕಾರ್ಡಿನಲ್ಲಿ ಈ ಮೂರು ಇಳಿದ ಸ್ವರಗಳಲ್ಲಿ ಒಂದೋ ಎರಡೋ ಬಂದು, ಉಳಿದವೂ ಇದೇ ಮೈನರ್ ಸ್ಕೇಲಿನವಾದರೆ ಅದು ಎರವಲು ಕಾರ್ಡ್. ಇಡೀ ಹಾಡನ್ನು ಮೈನರ್‌ಗೆ ಸಾಗಿಸುವುದಿಲ್ಲ. ಒಂದು ಕ್ಷಣ ತಂದು, ಬಳಸಿ, ಮತ್ತೆ ಮನೆಗೆ ಬಂದುಬಿಡುವುದು.

ಕರ್ನಾಟಕ ಸಂಗೀತ ಕೇಳುವವರಿಗೆ ಇದು ಹೊಸತಲ್ಲ ಅಲ್ವಾ? ಬಿಲಹರಿ ಶಂಕರಾಭರಣದ ಜನ್ಯ, ಅಂದರೆ ಅದರಿಂದ ಹುಟ್ಟಿದ ರಾಗ. ಅದರ ನಿಷಾದ ಕಾಕಲಿ. ಆದರೂ ಕೆಲವು ಪ್ರಯೋಗಗಳಲ್ಲಿ ಕೈಶಿಕಿ ನಿಷಾದ ಸುಳಿದು ಹೋಗುತ್ತದೆ. ಕಾಂಭೋಜಿಯಲ್ಲಿ ಇದರ ತಿರುಗುಮುರುಗು: ಅದು ಹರಿಕಾಂಭೋಜಿಯ ಜನ್ಯ, ಕೈಶಿಕಿ ನಿಷಾದದ್ದು, ಆದರೆ ಒಂದು ವಿಶೇಷ ಪ್ರಯೋಗದಲ್ಲಿ ಕಾಕಲಿ ಬರುತ್ತದೆ. ಹೀಗೆ ಹೊರಗಿನಿಂದ ಬರುವುದಕ್ಕೆ ಅನ್ಯಸ್ವರ ಎನ್ನುತ್ತೇವೆ, ಅಂಥ ರಾಗಕ್ಕೆ ಭಾಷಾಂಗ ಎನ್ನುತ್ತೇವೆ. ರಾಗದಲ್ಲಿ ಅನ್ಯಸ್ವರ ಬರುವ ದಾರಿ ನಿಗದಿಯಾಗಿರುತ್ತದೆ, ಗಮಕದ ಜೊತೆಗೇ ಬರುತ್ತದೆ. ರಾಕ್‌ನಲ್ಲಿ ಅದು ಹಾಡಿನ ಕೆಳಗೆ, ಕಾರ್ಡಿನ ಒಳಗೆ ಬರುತ್ತದೆ. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ಕೇಳುವ ಕಿವಿಗೆ ಆಗುವ ಆ ಸಣ್ಣ ಜುಂ ಎನ್ನುವ ಅನುಭವ ಒಂದೇ ಜಾತಿಯದು.

ಎರವಲು ಕಾರ್ಡ್‌ಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಫೋರ್ ಮೈನರ್, ಅಂದರೆ ಸ್ಕೇಲಿನ ನಾಲ್ಕನೇ ಸ್ವರದ ಮೇಲೆ ಕಟ್ಟಿದ ಮೈನರ್ ಕಾರ್ಡ್. ಸಿ ಮೇಜರ್‌ನಲ್ಲಿ ಎಫ್ ಮೈನರ್. ಗಿಟಾರ್ ಕೈಯಲ್ಲಿದ್ದರೆ ಈಗಲೇ ನೋಡಬಹುದು. ಎಫ್ ಬಾರ್ ಕಾರ್ಡ್ ಹಿಡಿಯಿರಿ. ತೋರುಬೆರಳು ಮೊದಲ ಫ್ರೆಟ್‌ನಲ್ಲಿ ಆರೂ ತಂತಿಗಳ ಮೇಲೆ, ನಡುಬೆರಳು ಮೂರನೇ ತಂತಿಯ ಎರಡನೇ ಫ್ರೆಟ್‌ನಲ್ಲಿ. ಒಮ್ಮೆ ಮೀಟಿ. ಈಗ ಬೇರೆ ಯಾವ ಬೆರಳನ್ನೂ ಕದಲಿಸದೆ ನಡುಬೆರಳನ್ನು ಮಾತ್ರ ಎತ್ತಿ ಮತ್ತೆ ಮೀಟಿ. ಅದೇ ಎಫ್ ಮೈನರ್. ಆಮೇಲೆ ಸಾಮಾನ್ಯ ಸಿ ಕಾರ್ಡ್. ಅದರಲ್ಲಿ ಮೂರನೇ ತಂತಿ ಖಾಲಿ. ಆ ಒಂದು ತಂತಿಯನ್ನಷ್ಟೇ ಗಮನಿಸಿ: ಎರಡನೇ ಫ್ರೆಟ್, ಮೊದಲ ಫ್ರೆಟ್, ಖಾಲಿ ತಂತಿ. ಚತುಶ್ರುತಿ ಧೈವತ, ಶುದ್ಧ ಧೈವತ, ಪಂಚಮ. ಇಡೀ ಮಾಯೆ ನಡೆಯುವುದು ಈ ಒಂದು ತಂತಿಯಲ್ಲಿ.

ಏಕೆ ಅಷ್ಟು ನಾಟುತ್ತದೆ? ಎಫ್ ಮೇಜರ್‌ನಿಂದ ನೇರವಾಗಿ ಸಿ ಕಾರ್ಡಿಗೆ ಬಂದರೆ ಧೈವತ ಎರಡು ಮೆಟ್ಟಿಲು ಹಾರಿ ಪಂಚಮಕ್ಕೆ ಬರುತ್ತದೆ. ಎಫ್ ಮೈನರ್‌ನಿಂದ ಬಂದರೆ ಒಂದೇ ಮೆಟ್ಟಿಲು. ಜೊತೆಗೆ ಮಧ್ಯಮವೂ ಒಂದೇ ಮೆಟ್ಟಿಲು ಇಳಿದು ಅಂತರ ಗಾಂಧಾರಕ್ಕೆ ಸೇರುತ್ತದೆ. ಷಡ್ಜ ಅಲುಗಾಡದೆ ನಿಂತಿರುತ್ತದೆ. ಹೀಗೆ ಎರಡು ಸ್ವರ ಒಟ್ಟಿಗೆ ಅರ್ಧ ಹೆಜ್ಜೆ (ಒಂದು ಮೆಟ್ಟಿಲು) ಇಳಿದು ಮನೆ ಸೇರುವಾಗ ಕಿವಿಗೆ ಒಂದು ಬಿಡುಗಡೆ ಸಿಗುತ್ತದೆ. ದುಃಖ ಎಂದು ನಾವು ಕರೆಯುವುದು ಆ ಇಳಿಯುವಿಕೆಯನ್ನು.

ಇನ್ನೊಂದು ವಿಷಯ ನನಗೆ ಪ್ರತಿಸಲವೂ ಖುಷಿ ಕೊಡುತ್ತದೆ. ಶಂಕರಾಭರಣದಲ್ಲಿ ಧೈವತವನ್ನು ಮಾತ್ರ ಇಳಿಸಿದರೆ ಸರಸಾಂಗಿ, 27ನೇ ಮೇಳ. ನಿಷಾದವನ್ನು ಮಾತ್ರ ಇಳಿಸಿದರೆ ಹರಿಕಾಂಭೋಜಿ, 28. ಎರಡನ್ನೂ ಇಳಿಸಿದರೆ ಚಾರುಕೇಶಿ, 26. ಮೂರೂ ಶಂಕರಾಭರಣದ ಒತ್ತಿನಲ್ಲೇ, ಬಾಣ ಚಕ್ರದ ಒಳಗೇ ಇವೆ. ರಾಕ್‌ನಲ್ಲಿ ತುಂಬ ಓಡಾಡುವ ಎರಡು ಎರವಲು ಕಾರ್ಡ್‌ಗಳು, ಎಫ್ ಮೈನರ್ ಮತ್ತು ಬಿ ಫ್ಲಾಟ್ ಮೇಜರ್ (ಫ್ಲಾಟ್ ಎಂದರೆ ಒಂದು ಮೆಟ್ಟಿಲು ಇಳಿದದ್ದು), ಈ ಅಕ್ಕಪಕ್ಕದ ಮೇಳಗಳಿಂದಲೇ ಬರುತ್ತವೆ. ಗಾಂಧಾರವನ್ನು ಮುಟ್ಟುವುದಿಲ್ಲ. ಮೇಜರ್ ಎಂಬ ಭಾವ ನಿಂತಿರುವುದೇ ಅಂತರ ಗಾಂಧಾರದ ಮೇಲೆ. ಅದು ಉಳಿದಿರುವ ತನಕ ಮನೆ ಭದ್ರ.

ಸಾಧಾರಣ ಗಾಂಧಾರ ಬಂದರೆ ಕಥೆ ಬೇರೆ. ಎ ಫ್ಲಾಟ್ ಮೇಜರ್‌ನಲ್ಲಿ ಶುದ್ಧ ಧೈವತ, ಷಡ್ಜ, ಸಾಧಾರಣ ಗಾಂಧಾರ. ಇ ಫ್ಲಾಟ್ ಮೇಜರ್‌ನಲ್ಲಿ ಸಾಧಾರಣ ಗಾಂಧಾರ, ಪಂಚಮ, ಕೈಶಿಕಿ ನಿಷಾದ. ಎರಡರಲ್ಲೂ ಎರಡೆರಡು ಹೊರಗಿನ ಸ್ವರ. ಅದಕ್ಕೇ ಇವು ಜೋರಾಗಿ ಕೇಳುತ್ತವೆ, ಯಾರೋ ಬಾಗಿಲು ದೂಡಿ ಒಳಗೆ ಬಂದ ಹಾಗೆ. ಹಾಡಿಗೆ ಯಾವ ಎರವಲು ಬೇಕು ಎಂದು ಯೋಚಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಇದೇ: ಎಷ್ಟು ಸ್ವರ ಬದಲಾಗುತ್ತದೆ, ಅದರಲ್ಲಿ ಗಾಂಧಾರ ಉಂಟಾ?

ಉದಾಹರಣೆಗೆ ರೇಡಿಯೋಹೆಡ್ ಬ್ಯಾಂಡಿನ ‘ಕ್ರೀಪ್’ ತೆಗೆದುಕೊಳ್ಳುವ. 1992ರ ಹಾಡು. ನಾಲ್ಕು ಕಾರ್ಡ್‌ಗಳು ಮೊದಲಿನಿಂದ ಕೊನೆಯ ತನಕ ಸುತ್ತುತ್ತವೆ: ಜಿ, ಬಿ, ಸಿ, ಸಿ ಮೈನರ್. ಇಲ್ಲಿ ಜಿ ಷಡ್ಜ. ನಾಲ್ಕನೆಯದಾದ ಸಿ ಮೈನರ್ ಜಿ ಮೈನರ್ ಸ್ಕೇಲಿನಿಂದ ಬಂದ ಎರವಲು, ಅದೇ ಫೋರ್ ಮೈನರ್. ಈಗ ಕಾರ್ಡಿನ ಹೆಸರು ಮರೆತು ಒಳಗಿನ ಒಂದೇ ಎಳೆ ಹಿಡಿಯಿರಿ. ಜಿ ಕಾರ್ಡಿನಲ್ಲಿ ಪಂಚಮ ಉಂಟು. ಬಿ ಕಾರ್ಡಿನಲ್ಲಿ ಅದು ಅರ್ಧ ಹೆಜ್ಜೆ ಏರಿ ಶುದ್ಧ ಧೈವತ. ಸಿ ಕಾರ್ಡಿನಲ್ಲಿ ಇನ್ನರ್ಧ ಏರಿ ಚತುಶ್ರುತಿ ಧೈವತ. ಸಿ ಮೈನರ್‌ನಲ್ಲಿ ಮತ್ತೆ ಶುದ್ಧ ಧೈವತ. ಸುತ್ತು ಮುಗಿದು ಜಿ ಬಂದಾಗ ಪಂಚಮ. ಪ, ದ, ಅದರ ಮೇಲಿನ ದ, ಮತ್ತೆ ಕೆಳಗಿನ ದ, ಪ. ಒಂದು ಉಸಿರು ಎಳೆದು ಬಿಟ್ಟ ಹಾಗೆ ಏರಿ ಇಳಿಯುತ್ತದೆ. ಹಾರ್ಮೋನಿಯಂನಲ್ಲಿ ಈ ಐದು ಸ್ವರವನ್ನು ನಿಧಾನಕ್ಕೆ ನುಡಿಸಿದರೂ ಆ ಹಾಡು ಕಣ್ಣ ಮುಂದೆ ಬರುತ್ತದೆ. ಈ ಹಾಡು ದಿ ಹಾಲೀಸ್ ತಂಡದಿಂದ 1974ರಲ್ಲಿ ಜನಪ್ರಿಯವಾದ ಒಂದು ಹಾಡನ್ನು ಹೋಲುತ್ತದೆಂದು ಅದರ ಕರ್ತೃಗಳಾದ ಆಲ್ಬರ್ಟ್ ಹ್ಯಾಮಂಡ್, ಮೈಕ್ ಹೇಝಲ್‌ವುಡ್ ಇಬ್ಬರ ಹೆಸರನ್ನೂ ಇದಕ್ಕೆ ಸೇರಿಸಲಾಯಿತು.

ಇದೇ ಹಾಡಿನಲ್ಲಿ ಒಂದು ಎಚ್ಚರಿಕೆಯೂ ಉಂಟು. ಬಿ ಮೇಜರ್ ಕೂಡ ಫ್ಯಾಮಿಲಿಯ ಹೊರಗಿನದು, ಆದರೆ ಎರವಲು ಅಲ್ಲ. ಪರೀಕ್ಷೆ ಸುಲಭ. ಕಾರ್ಡಿನ ಮೂರು ಸ್ವರ ಬರೆದುಕೊಳ್ಳಿ, ಅದೇ ಷಡ್ಜದ ಮೈನರ್ ಸ್ಕೇಲಿನಲ್ಲಿ ಮೂರೂ ಸಿಗುತ್ತವಾ ನೋಡಿ. ಜಿ ಮೈನರ್‌ನಲ್ಲಿ ಬಿ ಇಲ್ಲ, ಬಿ ಫ್ಲಾಟ್ ಇರುವುದು. ಎಫ್ ಶಾರ್ಪ್ (ಒಂದು ಮೆಟ್ಟಿಲು ಏರಿದ ಎಫ್) ಕೂಡ ಇಲ್ಲ. ಹಾಗಾಗಿ ಈ ಬಿ ಮೇಜರ್ ಬೇರೆ ಜಾತಿಯದು. ಅದರ ಸಹಜ ದಿಕ್ಕು ಇ ಮೈನರ್ ಕಡೆಗೆ. ಹಾಡು ಅಲ್ಲಿಗೆ ಹೋಗದೆ ಸಿ ಕಡೆಗೆ ತಿರುಗುತ್ತದೆ. ಸೆಕೆಂಡರಿ ಡಾಮಿನೆಂಟ್ ಎನ್ನುವ ಈ ಗುಂಪಿಗೆ ಬೇರೆಯೇ ಲೇಖನ ಬೇಕು. ಹೊರಗಿನ ಕಾರ್ಡ್ ಕಂಡ ಕೂಡಲೇ ಬಾರೋಡ್ ಎಂದು ಹೇಳಬಾರದು ಎಂಬುದಷ್ಟೇ ಇಲ್ಲಿ ಮುಖ್ಯ.

ಬೀಟಲ್ಸ್‌ನ ‘ಇನ್ ಮೈ ಲೈಫ್’, 1965, ಎ ಮೇಜರ್‌ನಲ್ಲಿ ಡಿ ಕಾರ್ಡಿನ ಹಿಂದೆಯೇ ಡಿ ಮೈನರ್. ಒಯಾಸಿಸ್‌ನ ‘ಡೋಂಟ್ ಲುಕ್ ಬ್ಯಾಕ್ ಇನ್ ಆ್ಯಂಗರ್’, ಕೋರಸ್‌ಗೆ ಮುಂಚಿನ ಭಾಗದಲ್ಲಿ ಎಫ್, ಎಫ್ ಮೈನರ್, ಸಿ. ಎರಡನ್ನೂ ಕೇಳಿ, ಧೈವತ ಇಳಿಯುವ ಜಾಗ ತಾನಾಗಿಯೇ ಸಿಗುತ್ತದೆ.

ಇನ್ನು ಫ್ಲಾಟ್ ಸೆವೆನ್, ಅಂದರೆ ಇಳಿದ ಏಳನೇ ಸ್ವರದ ಮೇಲಿನ ಮೇಜರ್ ಕಾರ್ಡ್, ಸಿ ಮೇಜರ್‌ನಲ್ಲಿ ಬಿ ಫ್ಲಾಟ್. ರಾಕ್‌ನ ನಿಜವಾದ ಕೆಲಸಗಾರ ಇದು. ಕೈಶಿಕಿ ನಿಷಾದ, ರಿಷಭ, ಮಧ್ಯಮ. ಫೋರ್ ಮೈನರ್ ಕರಗಿಸುತ್ತದೆ, ಫ್ಲಾಟ್ ಸೆವೆನ್ ಎದೆ ಅಗಲ ಮಾಡುತ್ತದೆ. ಕಾಕಲಿ ನಿಷಾದಕ್ಕೆ ಷಡ್ಜ ಒಂದೇ ಮೆಟ್ಟಿಲು, ಅದು ಯಾವಾಗಲೂ ಮೇಲಕ್ಕೆ ಎಳೆಯುತ್ತಿರುತ್ತದೆ. ಕೈಶಿಕಿಗೆ ಆ ಅವಸರ ಇಲ್ಲ. ಹಾಗಾಗಿ ಹಾಡು ನಿರಾಳವಾಗಿ, ದೊಡ್ಡದಾಗಿ ಕೇಳುತ್ತದೆ. ಬೀಟಲ್ಸ್‌ನ ‘ಹೇ ಜೂಡ್’ 1968ರದ್ದು. ಎಲ್ಲರೂ ಸೇರಿ ಹಾಡುವ ಅದರ ಕೊನೆಯ ಭಾಗ ಎಫ್, ಇ ಫ್ಲಾಟ್, ಬಿ ಫ್ಲಾಟ್, ಎಫ್ ಎಂದು ಸುತ್ತುತ್ತದೆ. ಎಸಿ/ಡಿಸಿಯ ‘ಬ್ಯಾಕ್ ಇನ್ ಬ್ಲ್ಯಾಕ್’, 1980, ಅದರ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಇ, ಡಿ, ಎ. ಕೇಳಲು ಅಜಗಜಾಂತರ, ಒಳಗಿನ ಲೆಕ್ಕ ಒಂದೇ: ಮನೆ (ಷಡ್ಜದ ಕಾರ್ಡ್), ಫ್ಲಾಟ್ ಸೆವೆನ್, ಫೋರ್. ಮಧ್ಯಮ ಶ್ರುತಿಯ ಹಾಡು ಗೊತ್ತಿದ್ದವರು ಹೀಗೆ ನೋಡಬಹುದು. ಮಧ್ಯಮವನ್ನು ಷಡ್ಜ ಮಾಡಿಕೊಂಡರೆ ಅದರ ಮಧ್ಯಮ ಕೈಶಿಕಿ ನಿಷಾದ. ಅಲ್ಲಿಂದ ಎರಡು ಹೆಜ್ಜೆಯಲ್ಲಿ ಮನೆಗೆ ವಾಪಸ್.

ಫ್ಲಾಟ್ ಸೆವೆನ್ ರಾಕ್‌ನಲ್ಲಿ ಇಷ್ಟು ಜಾಸ್ತಿ ಇರುವುದಕ್ಕೆ ವಾದ್ಯವೂ ಕಾರಣ. ಡಿಸ್ಟಾರ್ಶನ್ (ದನಿಯನ್ನು ಒರಟಾಗಿಸುವ ಎಫೆಕ್ಟ್) ಹಾಕಿದ ಗಿಟಾರಿನಲ್ಲಿ ಪೂರ್ತಿ ಕಾರ್ಡ್ ನುಡಿಸಿದರೆ ಗಾಂಧಾರದ ಜಾಗದ ಸ್ವರ ಕಲಸಿಹೋಗುತ್ತದೆ. ಅದಕ್ಕೆ ಗಿಟಾರಿಸ್ಟ್‌ಗಳು ಅದನ್ನು ಬಿಟ್ಟು ಬರೀ ಸ-ಪ ಹಿಡಿಯುತ್ತಾರೆ. ಅದೇ ಪವರ್ ಕಾರ್ಡ್. ಮೇಜರೂ ಅಲ್ಲ, ಮೈನರೂ ಅಲ್ಲ. ಅದೇ ಹಿಡಿತವನ್ನು ಫ್ರೆಟ್‌ಗಳ ಮೇಲೆ ಮೇಲೆ ಕೆಳಗೆ ಜಾರಿಸಿದರೆ ಬ್ಲೂಸ್‌ನಿಂದ ಬಂದ ಮೈನರ್ ಪೆಂಟಟಾನಿಕ್‌ನ ಜಾಗಗಳು ಸಿಗುತ್ತವೆ: ಸ, ಸಾಧಾರಣ ಗ, ಮ, ಪ, ಕೈಶಿಕಿ ನಿ. ಪ್ರತಿಯೊಂದರ ಮೇಲೂ ಒಂದು ಕಾರ್ಡ್. ನನ್ನ ಅಭಿಪ್ರಾಯ ಕೇಳಿದರೆ, ರಾಕ್‌ನಲ್ಲಿ ಫ್ಲಾಟ್ ಸೆವೆನ್ ಈಗ ಎರವಲೇ ಅಲ್ಲ, ಮನೆಯ ಸದಸ್ಯ. ಫೋರ್ ಮೈನರ್ ಮಾತ್ರ ಎಷ್ಟು ಸಲ ಬಂದರೂ ನೆಂಟನೇ.

ಫ್ಲಾಟ್ ಸಿಕ್ಸ್, ಫ್ಲಾಟ್ ಸೆವೆನ್, ಮನೆ. ಎ ಫ್ಲಾಟ್, ಬಿ ಫ್ಲಾಟ್, ಸಿ. ಸೂಪರ್ ಮಾರಿಯೋ ಆಡಿದವರಿಗೆಲ್ಲ ಇದು ಗೊತ್ತು, ಲೆವೆಲ್ ಮುಗಿದಾಗ ಬರುವ ಸಂಗೀತ ಇದೇ ಏರಿಕೆ. ಬೀಟಲ್ಸ್‌ನ ‘ಲೇಡಿ ಮಡೋನಾ’ದಲ್ಲೂ ಎಫ್, ಜಿ, ಎ ಎಂದು ಇದೇ ಬರುತ್ತದೆ. ಗೆದ್ದ ಭಾವ ಬೇಕಿದ್ದರೆ ಇದು ಸಾಕು. ಅತಿ ಮಾಡಿದರೆ ಬೇಗ ಸಪ್ಪೆಯಾಗುತ್ತದೆ.

ಇಷ್ಟೆಲ್ಲ ಒಬ್ಬರೇ ಗಿಟಾರ್ ಹಿಡಿದು ಮಾಡುವ ಲೆಕ್ಕ. ಬ್ಯಾಂಡಿನಲ್ಲಿ ಇದು ಐದಾರು ಕೈಗಳ ಕೆಲಸ, ಅಲ್ಲೇ ಹಾಳಾಗುವುದು. ಮಂಗಳೂರಿನ ಬಿಜೈಯಲ್ಲಿ ಒಂದು ಮನೆಯ ಮಹಡಿಯಲ್ಲಿ ಅಭ್ಯಾಸ ಮಾಡುವ ಬ್ಯಾಂಡೊಂದು ನನಗೆ ಗೊತ್ತು. ಎರಡು ಗಿಟಾರ್, ಬಾಸ್, ಕೀಬೋರ್ಡ್, ಡ್ರಮ್ಸ್, ಹಾಡಲು ಒಬ್ಬಳು ಹುಡುಗಿ. ಮಳೆಗಾಲದಲ್ಲಿ ಹೊರಗಿನ ಕಾರ್ಯಕ್ರಮ ಕಡಿಮೆ, ಆಗ ಸ್ವಂತ ಹಾಡು ಕಟ್ಟುತ್ತಾರೆ. ಕನ್ನಡದ ಒಂದು ಹಾಡಿನ ಕೋರಸ್ ಸಿ, ಎ ಮೈನರ್, ಎಫ್, ಸಿ ಎಂದು ಹೋಗುತ್ತಿತ್ತು. ಚೆನ್ನಾಗಿಯೇ ಇತ್ತು, ಆದರೆ ಕೊನೆಯ ಸಾಲು ಸುಮ್ನೆ ಮುಗಿದುಹೋಗುತ್ತಿತ್ತು. ‘ಅಲ್ಲಿ ಒಂದು ಫೋರ್ ಮೈನರ್ ಹಾಕಿ ನೋಡುವ ಮಾರಾಯಾ’ ಎಂದ ಕೀಬೋರ್ಡಿನ ಹುಡುಗ. ಹಾಕಿದರು. ಕರ್ಕಶವಾಗಿ ಕೇಳಿತು.

ಕಾರಣ ಹುಡುಕಲು ಎಲ್ಲರೂ ನಿಲ್ಲಿಸಿ ಒಬ್ಬೊಬ್ಬರಾಗಿ ನುಡಿಸಿದರು. ಮೊದಲು ಸಿಕ್ಕಿದ್ದು ಹಾಡು. ಸಾಲಿನ ಕೊನೆಯ ಅಕ್ಷರವನ್ನು ಅವಳು ಚತುಶ್ರುತಿ ಧೈವತದಲ್ಲಿ ಎಳೆಯುತ್ತಿದ್ದಳು. ಎಫ್ ಇರುವ ತನಕ ಅದು ಸರಿ, ಎಫ್ ಮೈನರ್ ಬಂದ ಕೂಡಲೇ ಕೆಳಗೆ ಶುದ್ಧ ಧೈವತ. ಎರಡು ಧೈವತ ಒಟ್ಟಿಗೆ ನಿಲ್ಲುವುದಿಲ್ಲ. ದಾರಿ ಎರಡು: ಅವಳೂ ಶುದ್ಧ ಧೈವತಕ್ಕೆ ಇಳಿಯಬೇಕು, ಇಲ್ಲವೇ ಎರಡೂ ಕಾರ್ಡಿಗೆ ಸೇರುವ ಸ್ವರದಲ್ಲಿ ನಿಲ್ಲಬೇಕು. ಅವಳು ಮೇಲಿನ ಷಡ್ಜ ಆರಿಸಿಕೊಂಡಳು. ನನಗೂ ಅದೇ ಸರಿ ಅನಿಸಿತು. ಷಡ್ಜ ಎಫ್‌ನಲ್ಲೂ ಉಂಟು, ಎಫ್ ಮೈನರ್‌ನಲ್ಲೂ ಉಂಟು, ಸಿಯಲ್ಲೂ ಉಂಟು. ದನಿ ಅಲುಗಾಡದೆ ನಿಂತಿದೆ, ಕೆಳಗೆ ನೆಲ ಬದಲಾಗುತ್ತಿದೆ. ಹಾಡು ಕೇಳುವವರಿಗೆ ಬದಲಾವಣೆ ಗೊತ್ತಾಗುವುದು ಆಗಲೇ.

ಎರಡನೆಯದು ಗಿಟಾರ್. ರಿದಮ್ ಗಿಟಾರ್ ಪೂರ್ತಿ ಡಿಸ್ಟಾರ್ಶನ್‌ನಲ್ಲಿ ಎಫ್ ಮೈನರ್ ಹಿಡಿದಿತ್ತು. ಇಳಿದ ಧೈವತ ಆ ಗದ್ದಲದಲ್ಲಿ ಮುಳುಗಿ, ಬರೀ ಕೊಳಕು ಶಬ್ದ ಉಳಿದಿತ್ತು. ರಿದಮ್ ಗಿಟಾರಿಸ್ಟ್ ಎಫ್‌ನ ಪವರ್ ಕಾರ್ಡಿಗೆ ಇಳಿದ. ಧೈವತದ ಜವಾಬ್ದಾರಿ ಕೀಬೋರ್ಡಿಗೆ ಹೋಯಿತು. ಅದರ ಮೇಲಿನ ದನಿಯಲ್ಲಿ ದ, ದ, ಪ ಎಂದು ಮೂರು ಸ್ವರ ಸ್ವಚ್ಛವಾಗಿ ಇಳಿದರೆ ಸಾಕು, ಇಡೀ ಬ್ಯಾಂಡ್ ಎಫ್ ಮೈನರ್ ನುಡಿಸಿದಂತೆಯೇ ಕೇಳುತ್ತದೆ. ಎಲ್ಲರೂ ಎಲ್ಲ ಸ್ವರವನ್ನೂ ನುಡಿಸಬೇಕಾಗಿಲ್ಲ ಎಂಬುದು ಬ್ಯಾಂಡ್‌ನವರಿಗೆ ತಡವಾಗಿ ಗೊತ್ತಾಗುವ ವಿಷಯ.

ಬಾಸ್‌ಗೆ ಇಲ್ಲಿ ಒಂದು ಆಯ್ಕೆ ಉಂಟು. ಎಫ್‌ನಲ್ಲೇ ನಿಂತು ಸಿಗೆ ಬಂದರೆ ಮಾಮೂಲಿ, ಭದ್ರ. ಬದಲಿಗೆ ಆ ಇಳಿಯುವ ಎಳೆಯನ್ನೇ ಬಾಸ್ ತೆಗೆದುಕೊಂಡು ಎ, ಎ ಫ್ಲಾಟ್, ಜಿ ಎಂದು ನಡೆದರೆ ಕೇಳುವವರ ಕಾಲ ಕೆಳಗಿನಿಂದಲೇ ಇಳಿದ ಹಾಗಾಗುತ್ತದೆ. ಕೊನೆಯ ಸಿ ಕಾರ್ಡ್ ಪಂಚಮದ ಮೇಲೆ ಕೂರುತ್ತದೆ, ಪೂರ್ತಿ ಮುಗಿದಂತೆ ಕೇಳುವುದಿಲ್ಲ. ಹಾಗಾಗಿ ಇದನ್ನು ಹಾಡಿನ ಕಟ್ಟಕಡೆಗೆ ಇಡದೆ ನಡುವಿನ ಕೋರಸ್‌ಗೆ ಇಡುವುದು ಒಳ್ಳೆಯದು. ಈ ಬ್ಯಾಂಡ್ ಮಾಡಿದ್ದೂ ಹಾಗೆಯೇ: ಮೊದಲ ಕೋರಸ್‌ನಲ್ಲಿ ಎಫ್ ಮೈನರ್ ಇಲ್ಲವೇ ಇಲ್ಲ, ಎರಡನೆಯದರಲ್ಲಿ ಬಾಸ್ ನಡೆಯುತ್ತದೆ, ಕೊನೆಯದರಲ್ಲಿ ಬಾಸ್ ಎಫ್‌ನಲ್ಲಿ ನಿಂತು ಸಿಗೆ ಬಂದು ಮುಗಿಸುತ್ತದೆ. ಮೊದಲ ಸಲ ಕೊಡದೆ ಇಟ್ಟದ್ದರಿಂದಲೇ ಎರಡನೇ ಸಲ ಅದಕ್ಕೆ ಬೆಲೆ ಬಂತು.

ಉಳಿದದ್ದು ಸೋಲೋ. ಲೀಡ್ ಗಿಟಾರಿಸ್ಟ್‌ಗಳ ಬೆರಳು ಮೇಜರ್ ಹಾಡಿನಲ್ಲಿ ತಾನಾಗಿಯೇ ಮೇಜರ್ ಪೆಂಟಟಾನಿಕ್‌ಗೆ ಹೋಗುತ್ತದೆ. ಸ, ರಿ, ಗ, ಪ, ದ: ಮೋಹನದ ಸ್ವರಗಳು. ಎಫ್ ಮೈನರ್ ಬರುವ ಒಂದು ಬಾರ್‌ನಲ್ಲಿ (ತಾಳದ ಒಂದು ಸುತ್ತಿನಲ್ಲಿ) ಆ ಧೈವತ ಮುಟ್ಟಿದರೆ ಮತ್ತೆ ಅದೇ ಜಗಳ. ಕೆಲವರು ಆ ಜಾಗಕ್ಕೆ ಸಿ ಮೈನರ್ ಪೆಂಟಟಾನಿಕ್ ನುಡಿಸುತ್ತಾರೆ. ಅದರಲ್ಲಿ ಧೈವತವೇ ಇಲ್ಲದ ಕಾರಣ ಜಗಳ ತಪ್ಪುತ್ತದೆ, ಆದರೆ ಕೆಳಗೆ ಆಗುತ್ತಿರುವ ಸೊಗಸಾದ ಬದಲಾವಣೆಗೆ ಸೋಲೋ ಸೇರುವುದೇ ಇಲ್ಲ. ಇನ್ನೊಂದು ದಾರಿ ಹೆಚ್ಚು ಸರಳ, ಹೆಚ್ಚು ಚೆಂದ. ಮೋಹನದ ಹಿಡಿತ ಹಾಗೇ ಇರಲಿ, ಆ ಒಂದು ಬಾರ್‌ನಲ್ಲಿ ಧೈವತವನ್ನು ಮಾತ್ರ ಒಂದು ಫ್ರೆಟ್ ಹಿಂದಕ್ಕೆ ತನ್ನಿ, ಬಾರ್ ಮುಗಿಯುವಾಗ ಪಂಚಮದಲ್ಲಿ ನಿಲ್ಲಿಸಿ. ಷಡ್ಜ ಸಿ ಇರಲಿ, ಡಿ ಇರಲಿ, ಕಪ್ಪು ಮೂರು ಇರಲಿ, ಲೆಕ್ಕ ಇಷ್ಟೇ.